ಮಂಜಿನ ಹಿಂದಿನ ನಾಲ್ಕನೇ ಕಂಬ

"ಇನ್ನೊಂದ್ಸಲ ಕೇಳ್ತೀನಿ ತಾತ. ನೀವು ಸುತ್ತು ಹಾಕಿದ್ದು ಯಾವ ಕಂಬಕ್ಕೆ?"

"ಎರಡನೇದಕ್ಕೆ."

"ಖಂಡಿತಾನಾ?"

"ಎಂಬತ್ತೊಂದು ವರ್ಷ ಆಗಿದೆ ಕಣಪ್ಪಾ. ಎರಡರ ತನಕ ಎಣಿಸೋಕೆ ಬರುತ್ತೆ."

ಭದ್ರತಾ ಅಧಿಕಾರಿ ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದ ಐದು ಫೋಟೊಗಳನ್ನು ಒಂದೊಂದಾಗಿ ಮಗುಚಿದ. ಐದರಲ್ಲೂ ರೈಲು ಸೇತುವೆ. ಐದರಲ್ಲೂ ಕೆಂಪು ಸುತ್ತು. ಐದರಲ್ಲೂ ಅದು ಇದ್ದದ್ದು ನಾಲ್ಕನೇ ಕಂಬದ ಮೇಲೆ.

ಸ್ಟುಡಿಯೋ ತಾತ ಬಗ್ಗಿ ನೋಡಿದರು. ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದರು.

"ಓ, ಇದಾ! ಆಚೆ ದಡದಿಂದ ಎಣಿಸಿದ್ರೆ..."

"ಆಚೆ ದಡದಿಂದ ಎಣಿಸಿದ್ರೆ ಆರನೇದು ತಾತ. ಇರೋದು ಒಂಬತ್ತು ಕಂಬ."

ನನಗೆ ನಗು ಬಂತು. ಮೇಜಿನ ಕೆಳಗೆ ಮಾಮ ನನ್ನ ಕಾಲು ತುಳಿದ.

ಐದು ದಿನಗಳಿಂದ ದಿನಕ್ಕೊಂದರಂತೆ, ಕಳಿಸಿದವರ ಹೆಸರಿಲ್ಲದ ಲಕೋಟೆಯಲ್ಲಿ, ಈ ಫೋಟೊಗಳು ಸೇತುವೆಯ ಭದ್ರತಾ ಕಚೇರಿಗೆ ಬಂದಿದ್ದವು. ಇವತ್ತು ಬೆಳಿಗ್ಗೆ ಆರೂವರೆಗೆ ತಾತ ಸಿಕ್ಕಿಬಿದ್ದಿದ್ದರು. ಎಲ್ಲಿ ಅಂದರೆ ನದಿಯ ದಡದಲ್ಲಿ, 'ಇಲ್ಲಿ ಛಾಯಾಚಿತ್ರ ತೆಗೆಯುವುದು ಶಿಕ್ಷಾರ್ಹ' ಎಂಬ ಫಲಕದ ಬುಡದಲ್ಲೇ. ಮೂರು ಕಾಲಿನ ಸ್ಟ್ಯಾಂಡು ಹೂಡಿ, ಅಜ್ಜನ ಕಾಲದ ಪೆಟ್ಟಿಗೆ ಕ್ಯಾಮೆರಾ ಕೂರಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ ನಿಂತಿದ್ದರಂತೆ. ಕಾವಲಿನವನು ಬೆನ್ನು ತಟ್ಟಿದಾಗ ಒಳಗಿನಿಂದಲೇ, "ಅಲ್ಲಾಡಬೇಡಿ, ಅಲ್ಲಾಡಬೇಡಿ" ಎಂದರಂತೆ.

ಸಂಜೆ ಐದಕ್ಕೆ ಕೇಂದ್ರ ಕಚೇರಿಯ ವ್ಯಾನು ಬರಲಿತ್ತು. ಅದನ್ನು ಹತ್ತಿದವರು ಯಾವತ್ತು ಇಳಿಯುತ್ತಾರೆಂದು ವ್ಯಾನಿನ ಡ್ರೈವರಿಗೂ ಗೊತ್ತಿರುವುದಿಲ್ಲ. ಈಗ ಗಂಟೆ ಎರಡು.

ತಾತನ ಹೆಂಡತಿ ಹೇಳಿಕಳಿಸಿದ್ದರಿಂದ ಮಾಮ ಬಂದಿದ್ದ. ಮೂವತ್ತು ವರ್ಷ ಪೊಲೀಸರ ಬೆರಳ ಗುರುತಿನ ವಿಭಾಗದಲ್ಲಿ ಭೂತಗನ್ನಡಿ ಹಿಡಿದು ಕೂತು ನಿವೃತ್ತನಾದವನು; ಊರಿಗೆಲ್ಲ ಬೆರಳಣ್ಣ. ಅವನಿಗೆ ಸ್ಕೂಟರ್ ಬಿಡಲು ಬರುವುದಿಲ್ಲವಾದ್ದರಿಂದ ನಾನು ಬಂದಿದ್ದೆ. ನಾನು ಅವನ ತಂಗಿಯ ಮಗಳು. ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸ.

"ತಾತ, ನಿಮಗೆ ಯಾರು ಹೇಳಿ ತೆಗೆಸಿದ್ರು ಅಂತ ಹೇಳಿಬಿಡಿ," ಎಂದ ಅಧಿಕಾರಿ. ಮೂವತ್ತರ ಹುಡುಗ. ನೆಗಡಿಯಾಗಿತ್ತು. ಎಡಗಿವಿ ಸ್ವಲ್ಪ ಹೊರಗೆ ಚಾಚಿಕೊಂಡು, ಟೋಪಿ ಅದರ ಮೇಲೆ ಒರಗಿ ಕೂತಂತೆ ಕಾಣುತ್ತಿತ್ತು. "ನಿಮ್ಮನ್ನ ವ್ಯಾನ್ ಹತ್ತಿಸೋಕೆ ನನಗೂ ಇಷ್ಟ ಇಲ್ಲ."

"ನಾನೇ ತೆಗೆದೆ, ನಾನೇ ಸುತ್ತು ಹಾಕಿದೆ, ನಾನೇ ಅಂಚೆಗೆ ಹಾಕಿದೆ. ಇನ್ನೇನು ಬೇಕು? ಬರ್ಕೋ. ಮಗಾ, ಆ ಕಿಟಕಿ ಮುಚ್ಚು. ಮೊದಲೇ ನೆಗಡಿ ನಿನಗೆ."

ಅಧಿಕಾರಿ ಎದ್ದು ಕಿಟಕಿ ಮುಚ್ಚಿದ. ಆಮೇಲೆ, ತಾನು ವಿಚಾರಣೆ ಮಾಡುತ್ತಿದ್ದೇನೆಂದು ನೆನಪಾದವನಂತೆ ಟೋಪಿ ಸರಿಮಾಡಿಕೊಂಡ.

ಮಾಮ ಒಂದು ಫೋಟೊ ಎತ್ತಿಕೊಂಡು ಬೆಳಕಿಗೆ ಓರೆ ಮಾಡಿದ. ಅವನ ಮುಖ ಹಾಗಾದಾಗ ಮಾತಾಡಿಸಬಾರದು.

"ಬೆರಳ ಗುರುತು ಒಂದೂ ಇಲ್ಲ," ಎಂದ ಕೊನೆಗೆ. "ಒರೆಸಿದ್ದಲ್ಲ. ಮುಟ್ಟೇ ಇಲ್ಲ. ಫೋಟೊನ ಯಾವಾಗ್ಲೂ ಅಂಚಲ್ಲೇ ಹಿಡಿದು ಅಭ್ಯಾಸ ಇರೋರ ಕೆಲಸ. ಕಾಗದ ನೋಡಿ, ಅಂಗಡಿ ಮೆಷಿನ್‌ದಲ್ಲ. ಕೈಯಲ್ಲಿ ತೊಳೆದು ಒಣಗಿಸಿದ್ದು."

"ಅದಕ್ಕೇ ಅಲ್ವಾ ಸಾರ್ ತಾತನ್ನ ಹಿಡಿದಿರೋದು."

"ಸುತ್ತು ನೋಡಿ. ಪೆನ್ನಲ್ಲ, ಕುಂಚ. ಎರಡೇ ಎರಡು ಕೂದಲಿನ ಕುಂಚ. ಹಾಕಿದ ಕೈ ಒಂಚೂರೂ ನಡುಗಿಲ್ಲ." ಮಾಮ ಫೋಟೊ ಕೆಳಗಿಟ್ಟ. "ಯಜಮಾನ್ರೇ, ಒಂದ್ಲೋಟ ನೀರು ಕೊಡ್ತೀರಾ?"

ತಾತ ಹೂಜಿಯಿಂದ ನೀರು ಬಗ್ಗಿಸಿದರು. ಅರ್ಧ ಲೋಟಕ್ಕೆ, ಅರ್ಧ ಮೇಜಿಗೆ. ಅವರ ಬಲಗೈ ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿತ್ತು.

ತಾತ ತಮ್ಮ ಕೈಯನ್ನು, ಅದು ಗುಟ್ಟು ಬಿಟ್ಟುಕೊಟ್ಟಿತೆಂಬಂತೆ, ಇನ್ನೊಂದು ಕೈಯಿಂದ ಹಿಡಿದು ತೊಡೆಯ ಮೇಲೆ ಕೂರಿಸಿದರು.

"ಬೆರಳಣ್ಣಾ," ಎಂದರು ಮೆಲ್ಲಗೆ, "ನಿನ್ನ ಮದುವೆ ಫೋಟೊ ತೆಗೆದೋನು ನಾನು. ಆ ಉಪಕಾರ ನೆನಪಿಟ್ಕೊಂಡು ಸುಮ್ನೆ ಮನೆಗೆ ಹೋಗು."

* * *

ಸ್ಟುಡಿಯೋ ಇದ್ದದ್ದು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ. ಅಧಿಕಾರಿ ತನ್ನ ಜೀಪು ಬಿಟ್ಟು ನಡೆದೇ ಬಂದ. ಮಾಮ ಅವನಿಗೆ ಹೇಳಿದ್ದು ಒಂದೇ ಮಾತು: "ಟೋಪಿ ಇಲ್ಲದೆ ಬನ್ನಿ."

ದಾರಿಯಲ್ಲಿ ಮಾಮ ಸುಮ್ಮನೆ ಕ್ಷೌರದಂಗಡಿಯೊಳಗೆ ಇಣುಕಿದ. ಗೋಡೆಯ ಮೇಲೆ ಅಂಗಡಿಯವನ ಅಪ್ಪ-ಅಮ್ಮನ ಮದುವೆ ಫೋಟೊ. ನದಿ ದಡ, ಇಬ್ಬರ ಬೆನ್ನ ಹಿಂದೆ ಬಿಳಿ ಮಂಜು. ಮುಂದೆ ಔಷಧಿ ಅಂಗಡಿ. ಅಲ್ಲೂ ಒಂದು ಜೋಡಿ, ಅದೇ ದಡ, ಅದೇ ಮಂಜು.

"ಯುದ್ಧದ ಕಾಲದ ಮದುವೆಗಳು," ಎಂದ ಮಾಮ. "ಆ ಎರಡು ವರ್ಷ ತುಂಬ ಮಂಜಿತ್ತು ಅಂತ ನಮ್ಮಮ್ಮನೂ ಹೇಳೋಳು."

"ನಮ್ಮನೇಲೂ ಇದೆ," ಎಂದ ಅಧಿಕಾರಿ. "ನಮ್ಮ ತಾತ-ಅಜ್ಜಿದು. ತಾತ ಕ್ಯಾಮೆರಾನೇ ನೋಡ್ತಿಲ್ಲ. ಎಲ್ಲೋ ಪಕ್ಕಕ್ಕೆ ನೋಡ್ತಿದ್ದಾರೆ. ಮದುವೆ ದಿನಾನೇ ಇನ್ಯಾರನ್ನೋ ನೋಡ್ತಿದ್ದ ನಿಮ್ಮ ತಾತ ಅಂತ ಅಜ್ಜಿ ಈಗ್ಲೂ ಬೈತಾರೆ. ಅವರು ಹೋಗಿ ನಲವತ್ತು ವರ್ಷ ಆಯ್ತು. ಬೈಗುಳ ನಿಂತಿಲ್ಲ."

ಸ್ಟುಡಿಯೋ ಮುಚ್ಚಿ ಆರು ವರ್ಷವಾಗಿತ್ತು. ಮುಂಭಾಗವನ್ನು ದರ್ಜಿಯೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದರು. ತೋಟ, ಕಾರಂಜಿ, ಮೆಟ್ಟಿಲು ಬರೆದಿದ್ದ ಹಳೇ ಪರದೆ ಈಗ ಅವನ ಗಿರಾಕಿಗಳು ಬಟ್ಟೆ ಹಾಕಿ ನೋಡುವ ಮೂಲೆಗೆ ಮರೆ. ಕಾರಂಜಿಯ ಕೆಳಗಿನಿಂದ ಯಾರದೋ ಎರಡು ಪಾದ ಕಾಣುತ್ತಿದ್ದವು.

"ಅಜ್ಜಿ ಒಳಗಿದ್ದಾರೆ. ಬೆಳಿಗ್ಗೆಯಿಂದ ಅನ್ನ ಮುಟ್ಟಿಲ್ಲ," ಎಂದ ದರ್ಜಿ, ಹೊಲಿಗೆ ನಿಲ್ಲಿಸದೆ. "ನೀವಾದ್ರೂ ಬೈದು ತಿನ್ನಿಸಿ."

ಸ್ಟುಡಿಯೋ ಅಜ್ಜಿ ಒಳಮನೆಯ ಕಿಟಕಿಯ ಪಕ್ಕ ಕೂತಿದ್ದರು. ಎಪ್ಪತ್ತಾರರ ಸಣ್ಣ ಜೀವ. ಪಕ್ಕದಲ್ಲಿ ಬುತ್ತಿ ಕಟ್ಟಿಟ್ಟಿದ್ದರು, ಗಂಡನಿಗೆ.

"ಅವರಿಗೆ ಮಧ್ಯಾಹ್ನದ ಮಾತ್ರೆ ಕೊಟ್ರಾ?" ಎಂದರು, ನಾವು ಒಳಗೆ ಕಾಲಿಡುವ ಮೊದಲೇ. "ಬಿಳೀದು ಊಟಕ್ಕೆ ಮುಂಚೆ, ಹಳದಿ ಊಟ ಆದ್ಮೇಲೆ. ಕೇಳಿದ್ರೆ ತಿರುಗಾಮುರುಗಾ ಹೇಳ್ತಾರೆ, ನಂಬಬೇಡಿ."

"ಅಜ್ಜಿ, ಇವರು ಸೇತುವೆ ಭದ್ರತೆ ಅಧಿಕಾರಿ."

"ಯಾರೋ ಬಂದ್ರು ಅಂತ ಗೊತ್ತಾಗುತ್ತೆ. ಮುಖ ಗೊತ್ತಾಗಲ್ಲಪ್ಪ. ಕಣ್ಣು ಹೋಗಿದೆ. ಪೊರೆ."

ಮಾಮ ನನ್ನ ಕಡೆ ತಿರುಗಿದ. ನನಗೆ ಧರ್ಮಸಂಕಟ. ಹೋದ ತಿಂಗಳು ಅಜ್ಜಿಯ ಕಣ್ಣು ನೋಡಿದವಳು ನಾನೇ. ಬಲಗಣ್ಣಿಗೆ ಪೊರೆ ಬಂದಿರುವುದು ನಿಜ. ಎಡಗಣ್ಣಲ್ಲಿ ಅವರು ಗೋಡೆಯ ಪಟ್ಟಿಯ ಕೊನೆಯ ಸಾಲು ಓದಿ, ಅದರ ಕೆಳಗೆ ಸೊಳ್ಳೆಯಷ್ಟು ಸಣ್ಣಗೆ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದ್ದರು.

"ಅಜ್ಜಿ," ಎಂದೆ, "ನನ್ನ ಮುಂದೆ ಹೀಗೆ ಹೇಳಿದ್ರೆ ಹೆಂಗೆ?"

ಅವರು ತಲೆ ತಗ್ಗಿಸಿದರು. "ನೀನು ಬಂದಿದ್ದು ಕಾಣ್ಲಿಲ್ಲಮ್ಮ," ಎಂದರು. ಆಮೇಲೆ ಆ ಮಾತಿಗೆ ತಾವೇ ನಕ್ಕುಬಿಟ್ಟರು.

ಮಾಮ ಮೊಣಕಾಲೂರಿ ಅವರ ಎದುರು ಕೂತ. ಅವನು ನೋಡುತ್ತಿದ್ದದ್ದು ಅವರ ಕೆಳತುಟಿಯನ್ನು. ನಡುವಿಗೆ ಸರಿಯಾಗಿ, ಎಳ್ಳಿನ ಕಾಳಿನಷ್ಟು ಕೆಂಪು.

"ಕುಂಚದ ತುದಿ ಚೂಪು ಮಾಡೋಕೆ ತುಟಿಗೆ ಇಟ್ಕೊಳ್ಳೋ ಅಭ್ಯಾಸ ಇನ್ನೂ ಬಿಟ್ಟಿಲ್ವಾ ಅತ್ತೆ?"

ಊರಲ್ಲಿ ಮಾಮ ಒಬ್ಬನೇ ಅವರನ್ನು ಅತ್ತೆ ಎನ್ನುತ್ತಿದ್ದದ್ದು. ಅಜ್ಜಿ ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡರು.

"ಹಾಳಾದ್ದು," ಎಂದರು. "ಸೋಪು ಹಾಕಿ ತೊಳೆದಿದ್ದೆ."

* * *

ಐವತ್ತು ವರ್ಷ ಆ ಸ್ಟುಡಿಯೋದಲ್ಲಿ ಫೋಟೊ ತೆಗೆಯುತ್ತಿದ್ದವರು ತಾತ. ತಿದ್ದುತ್ತಿದ್ದವರು ಅಜ್ಜಿ. ನೆಗೆಟಿವ್ ಮೇಲೆ ಸೀಸದ ಕಡ್ಡಿ, ಕುಂಚ, ಕೆಂಪು ಬಣ್ಣ ಹಿಡಿದು ಮೊಡವೆ ಅಳಿಸಿದ್ದು, ಹುಬ್ಬು ಕೂಡಿಸಿದ್ದು, ನಿದ್ದೆಗಣ್ಣು ತೆರೆಸಿದ್ದು ಎಲ್ಲ ಅವರೇ.

"ತಪ್ಪು ನಂದು," ಎಂದು ನೇರವಾಗಿ ಅಧಿಕಾರಿಗೆ ಹೇಳಿದರು. "ಅಂಗಡಿ ಮುಚ್ಚಿದ ಮೇಲೆ, ಪ್ರತಿ ವರ್ಷ ನಮ್ಮ ಮದುವೆ ದಿನ ದಡಕ್ಕೆ ಹೋಗಿ ಒಂದೇ ಒಂದು ಫೋಟೊ ತೆಗೀತಿದ್ವಿ. ಇವತ್ತೇ ಆ ದಿನ. ನಂಗೆ ಮಂಡಿ ನೋವು, ಅದಕ್ಕೆ ಅವರೊಬ್ರೇ ಹೋದ್ರು. ಐದು ವರ್ಷದ್ದು ಐದು ಫೋಟೊ. ಒಂದರ ಪಕ್ಕ ಒಂದು ಇಟ್ಟು ನೋಡ್ದೆ. ನಾಲ್ಕನೇ ಕಂಬ ವಾಲ್ತಾ ಇದೆ."

"ನಿಮಗೆ ಹೇಗೆ ಗೊತ್ತಾಯ್ತು?"

"ಐವತ್ತು ವರ್ಷ ಜನರ ಮೂಗು ನೆಟ್ಟಗೆ ಮಾಡಿದೋಳು ನಾನು. ಓರೆ ಇದ್ರೆ ಗೊತ್ತಾಗಲ್ವಾ?"

"ಕ್ಯಾಮೆರಾ ವಾಲಿರಬಹುದು."

"ಆ ಬಂಡೆ ಮೇಲೆ ಮೂರು ಗುಳಿ ಇದೆ, ಹೋಗಿ ನೋಡು. ಸ್ಟ್ಯಾಂಡಿನ ಕಾಲಿಗೆ ಅಂತ ಅವರೇ ಉಳಿಯಿಂದ ಕೆತ್ತಿದ್ದು, ಯುದ್ಧಕ್ಕೂ ಮುಂಚೆ. ಕ್ಯಾಮೆರಾ ಕೂದಲೆಳೆ ಆಚೀಚೆ ಹೋಗಲ್ಲ."

"ಹಾಗಿದ್ರೆ ಬಂದು ಹೇಳಬಹುದಿತ್ತಲ್ಲ ಅಜ್ಜಿ. ಹೆಸರಿಲ್ಲದ ಲಕೋಟೆ, ಕೆಂಪು ಸುತ್ತು. ಇದನ್ನ ನೋಡಿದ್ರೆ ಯಾರಿಗಾದ್ರೂ ಏನನ್ಸುತ್ತೆ? ಇಲ್ಲೇ ಬಾಂಬ್ ಇಡ್ತೀವಿ ಅಂತ ಹೆದರಿಸಿದ ಹಾಗಿದೆ."

"ಬಂದಿದ್ದೆ ಕಣಪ್ಪ! ಇಂಜಿನಿಯರ್ ಕಚೇರಿಗೆ. ಕಂಬ ವಾಲಿದೆ ಅಂದೆ. ಹೇಗೆ ಗೊತ್ತು ಅಂದ ಗುಮಾಸ್ತ. ಫೋಟೊದಲ್ಲಿ ಅಂತ ಹೇಳಬೇಕು. ಹೇಳಿದ್ರೆ ಒಳಗೆ ಹಾಕ್ತಾರೆ. ಹಾಗೇ ಸುಮ್ನೆ ಅನ್ನಿಸ್ತು ಅಂದೆ. ವಯಸ್ಸಾಯ್ತು, ತಲೆ ಸುತ್ತಿರುತ್ತೆ, ಮನೇಲಿ ಮಲ್ಕೊಳ್ಳಿ ಅಂದ."

ಅಧಿಕಾರಿಗೆ ನಗು ಬಂತೋ ಸೀನು ಬಂತೋ, ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ.

"ಒಂದು ಕೇಳ್ತೀನಿ," ಎಂದರು ಅಜ್ಜಿ. ಈಗ ಅವರಿಗೆ ಸಿಟ್ಟು ಬಂದಿತ್ತು. "ಬಿಸ್ಕತ್ತಿನ ಡಬ್ಬಿ ಮೇಲೆ ಆ ಸೇತುವೆ ಇದೆ. ನಿನ್ನ ಜೇಬಲ್ಲಿರೋ ಫೋನ್ ತೆಗೆದು ಒತ್ತಿದ್ರೆ ಆಕಾಶದಿಂದ ತೆಗೆದ ಚಿತ್ರ ಬರುತ್ತೆ, ದರ್ಜಿ ತೋರಿಸಿದ. ಆಕಾಶದಿಂದ ತೆಗೆದ್ರೆ ತಪ್ಪಿಲ್ಲ, ದಡದಿಂದ ತೆಗೆದ್ರೆ ತಪ್ಪಾ? ಯುದ್ಧ ಮುಗಿದು ಎಷ್ಟು ಕಾಲ ಆಯ್ತು?"

"ಆದೇಶ ವಾಪಸ್ ತಗೊಂಡಿಲ್ಲ."

"ಯಾಕೆ?"

ಅವನು ಕರವಸ್ತ್ರ ಮಡಿಸಿ ಜೇಬಿಗಿಟ್ಟ. "ಎರಡು ವರ್ಷದ ಹಿಂದೆ ಮೇಲಿನ ಊರಿನ ಸೇತುವೆಗೆ ಬಾಂಬ್ ಇಟ್ಟವನು, ಅದಕ್ಕೆ ಮುಂಚೆ ಹದಿನೈದು ದಿನ ಅಲ್ಲಿ ಫೋಟೊ ತೆಗೀತಿದ್ದ. ಎಲ್ಲರೂ ನೋಡಿದ್ರು. ಯಾರೂ ಕೇಳ್ಲಿಲ್ಲ. ಅವತ್ತು ಸತ್ತ ಕಾವಲಿನವನು ನನ್ನ ಜೊತೆ ಟ್ರೇನಿಂಗ್ ಮಾಡಿದೋನು. ಅದಕ್ಕೇ ನಾನು ಕೇಳ್ತೀನಿ. ಬಿಸ್ಕತ್ ಡಬ್ಬಿಗೆ ಉತ್ತರ ನನ್ನ ಹತ್ರ ಇಲ್ಲ."

ಅಜ್ಜಿಯ ಸಿಟ್ಟು ಇಳಿಯಿತು. ಎದ್ದು ಹೋಗಿ ಒಂದು ಲೋಟ ಬಿಸಿನೀರು ತಂದು ಅವನ ಕೈಗೆ ಕೊಟ್ಟರು.

"ಕುಡಿ. ಗಂಟಲಿಗೆ ಒಳ್ಳೇದು."

"ಅಜ್ಜಿ, ನಾನು ನಿಮ್ಮನ್ನ ನಂಬಬಹುದು," ಎಂದ ಅವನು ಲೋಟ ಹಿಡಿದುಕೊಂಡೇ. "ಆದ್ರೆ ನಾನು ನಿನ್ನೆ ಇಂಜಿನಿಯರ್ ಕಚೇರಿಗೆ ಕೇಳಿದೆ. ನಾಲ್ಕನೇ ಕಂಬ ಕಟ್ಟಿದಾಗಿನಿಂದಲೂ ಹೀಗೇ ಇದೆ ಅಂತ ಬರೆದು ಕೊಟ್ಟಿದ್ದಾರೆ. ಮೂಲ ನಕ್ಷೆ ಗೌಪ್ಯ, ನನಗೂ ತೋರಿಸಲ್ಲ. ಮೊದಲು ನೆಟ್ಟಗಿತ್ತು ಅನ್ನೋಕೆ ನಿಮ್ಮ ಹತ್ರ ಏನಿದೆ? ಹಳೇ ಫೋಟೊ ಇದೆಯಾ?"

"ಯುದ್ಧಕ್ಕೆ ಮುಂಚಿನದೆಲ್ಲ ಪೊಲೀಸರು ತಗೊಂಡು ಹೋಗಿ ಒಡೆದು ಹಾಕಿದ್ರು. ನಮ್ಮ ಮದುವೇದೂ ಅದ್ರಲ್ಲೇ ಹೋಯ್ತು."

"ಯುದ್ಧದ ಕಾಲದ್ದು?"

"ಅದ್ರಲ್ಲಿ ಬರೀ ಮಂಜು," ಎಂದ ಮಾಮ.

ಅಜ್ಜಿ ಗೋಡೆಯ ಗಡಿಯಾರ ನೋಡಿದರು. ಮೂರೂ ಹತ್ತು. ಕಟ್ಟಿಟ್ಟ ಬುತ್ತಿ ನೋಡಿದರು. ಅವರ ಮುಖದಲ್ಲಿ ಏನೋ ಒಂದು ತೂಕಕ್ಕೆ ಬಿದ್ದು, ಒಂದು ಕಡೆ ಇಳಿದದ್ದು ನನಗೆ ಕಾಣಿಸಿತು.

"ಅದು ಮಂಜಲ್ಲ ಮಗು," ಎಂದರು ಅಧಿಕಾರಿಗೆ. "ಅದು ನಾನು."

* * *

ಕತ್ತಲೆ ಕೋಣೆಯ ಬೀಗವನ್ನು ಅಜ್ಜಿ ತಮ್ಮ ಸೊಂಟದಲ್ಲಿದ್ದ ಕೀಲಿಯಿಂದ ತೆಗೆದರು. ಒಳಗೆ ವಿನಿಗರಿನಂಥ ಹುಳಿ ವಾಸನೆ. ಮೂರು ಗೋಡೆಗೂ ಮರದ ಗೂಡು, ಗೂಡಿನ ತುಂಬ ಕಾಗದದ ಕವಚದೊಳಗೆ ಗಾಜಿನ ನೆಗೆಟಿವ್‌ಗಳು. ಇಡೀ ಊರು ಅಲ್ಲಿ ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ನಿಂತುಕೊಂಡಿತ್ತು.

"ಆಗ ನಮಗೆ ಆದೇಶ ಬಂತು," ಎಂದರು. "ಯಾವ ಫೋಟೊದಲ್ಲೂ ಸೇತುವೆ ಕಾಣಬಾರದು. ಜನ ಕೇಳ್ತಾರಾ? ಮದುವೆ ಅಂದ್ರೆ ದಡದಲ್ಲೇ ನಿಲ್ಲಬೇಕು, ನಮ್ಮಪ್ಪಂದೂ ಅಲ್ಲೇ ತೆಗ್ಸಿದ್ದು ಅಂತಾರೆ. ಸರಿ, ತೆಗೆದು ಸೇತುವೆನ ಅಳಿಸಿ ಕೊಡಿ ಅಂದ್ರು. ನೆಗೆಟಿವ್ ಮೇಲೆ ಬ್ಲೇಡಲ್ಲಿ ಕೆರೆದುಬಿಡಬೇಕು, ಮತ್ತೆ ಹುಟ್ಟಬಾರದು. ವಾರಕ್ಕೊಮ್ಮೆ ಒಬ್ಬ ದಫೇದಾರ ಬಂದು ನೋಡೋನು."

"ಕೆರೆದ್ರಾ?"

"ಕೈ ಬರ್ಲಿಲ್ಲ." ಅವರು ಕಿಟಕಿಯ ಕರಿ ಪರದೆ ಸರಿಸಿ, ಒಂದು ಗಾಜು ಎಳೆದು ಬೆಳಕಿಗೆ ಹಿಡಿದರು. "ನೋಡು, ಗಾಜಿಗೆ ಎರಡು ಮೈ. ಚಿತ್ರ ಇರೋದು ಈ ಮೈಗೆ. ನಾನು ಆ ಮೈಗೆ, ಬರೀ ಗಾಜಿಗೆ, ಸೇತುವೆ ಇರೋ ಕಡೆಯೆಲ್ಲ ಕೆಂಪು ಬಳಿದೆ. ಕೆಂಪು ಇರೋ ಕಡೆ ಬೆಳಕು ದಾಟಲ್ಲ. ಕಾಗದದ ಮೇಲೆ ಅಷ್ಟು ಜಾಗ ಬೆಳ್ಳಗೆ ಉಳಿಯುತ್ತೆ. ಅಂಚನ್ನ ಸ್ವಲ್ಪ ಮಸುಕು ಮಾಡಿದ್ರೆ ಮಂಜು."

"ದಫೇದಾರನಿಗೆ?"

"ಅವನು ಫೋಟೊ ನೋಡೋನು. ಗಾಜು ತಿರುಗಿಸಿ ನೋಡೋಷ್ಟು ಬುದ್ಧಿ ಅವನಿಗೆ ಇರ್ಲಿಲ್ಲ. ಯುದ್ಧ ಮುಗಿದ್ಮೇಲೆ ಎಲ್ಲರಿಗೂ ಅವರವರ ಸೇತುವೆ ವಾಪಸ್ ಕೊಡೋಣ ಅಂತಿದ್ದೆ. ಯಾರೂ ಕೇಳಲೇ ಇಲ್ಲ. ಮಂಜೇ ಚೆನ್ನಾಗಿದೆ ಅಂದ್ರು."

ಮಾಮ ನಿಧಾನವಾಗಿ ಕೇಳಿದ. "ಆ ಬಣ್ಣ ನೀರಿಗೆ ಹೋಗುತ್ತಾ ಅತ್ತೆ?"

"ಒಂದು ಹಸಿ ಹತ್ತಿ ಸಾಕು."

ಕೋಣೆಯೊಳಗೆ ದರ್ಜಿಯ ಮೆಷಿನ್ನಿನ ಸದ್ದು ಕೇಳುತ್ತಿತ್ತು.

"ಅಜ್ಜಿ," ಎಂದ ಅಧಿಕಾರಿ ತಡವರಿಸಿ, "ಒರೆಸೋಕೆ ಮುಂಚೆ ಯೋಚನೆ ಮಾಡಿ. ಇಷ್ಟೂ ಗಾಜು ಬಣ್ಣ ಹಾಕಿದ್ದು ಅಂತ ನಾನು ನೋಡಿದ್ರೆ, ಯುದ್ಧದ ಆದೇಶ ಮೀರಿದ್ದು ನೀವು ಅಂತ ಆಗುತ್ತೆ. ಆ ಕಾನೂನಿಗೆ ಕಾಲಮಿತಿ ಇಲ್ಲ. ವ್ಯಾನಲ್ಲಿ ತಾತನ ಜಾಗಕ್ಕೆ ನೀವು ಕೂರಬೇಕಾಗಬಹುದು."

"ಅವರು ಒಂದು ದಿನ ಮಾತ್ರೆ ತಪ್ಪಿದ್ರೆ ಏಳಲ್ಲ ಮಗು. ನಾನು ಗಟ್ಟಿ." ಅಜ್ಜಿ ಅವನ ಮುಖವನ್ನು ಎಡಗಣ್ಣಿಗೆ ತಂದುಕೊಂಡು ದಿಟ್ಟಿಸಿದರು. "ತಡಿ. ಟೋಪಿ ಇಲ್ಲದೆ ಈಗ ಕಂಡೆ. ಈ ಕಿವಿ ನಂಗೆ ಗೊತ್ತು. ನಿಮ್ಮ ತಾತ ಇಂಜಿನ್ ಡ್ರೈವರ್ ಅಲ್ವಾ?"

ಅವನು ಬೆಪ್ಪಾಗಿ ಕಿವಿ ಮುಟ್ಟಿಕೊಂಡ. "ಹೌದು."

"ಎಡಗಿವಿ ಹೀಗೇ ಹೊರಗೆ ಬಂದಿತ್ತು. ಹುಡುಗಿ ಮನೆಯೋರು ಗುಟ್ಟಾಗಿ ಬಂದು, ಫೋಟೊದಲ್ಲಾದ್ರೂ ಸರಿಮಾಡಿ ಅಂದ್ರು. ನಾನೇ ಒಳಗೆ ತಳ್ಳಿದ್ದು."

"ನಮ್ಮನೆ ಫೋಟೊದಲ್ಲಿ ತಾತನ ಕಿವಿ ಸರಿಯಾಗೇ ಇದೆ," ಎಂದ ಅವನು ಸಣ್ಣ ದನಿಯಲ್ಲಿ. "ನನಗೊಬ್ಬನಿಗೆ ಯಾಕೆ ಹೀಗೆ ಅಂತ ಯಾವಾಗ್ಲೂ..."

"ನಿಂದು ನಿಮ್ಮ ತಾತಂದೇ. ಅನುಮಾನ ಬೇಡ."

ಅವರು ಮೂರನೇ ಗೂಡಿನ ಮೇಲಿನ ಸಾಲಿಗೆ ಕೈಹಾಕಿ, ಕವಚ ಓದದೆಯೇ ಒಂದು ಗಾಜು ಎಳೆದರು.

* * *

ಬಿಳಿ ತಟ್ಟೆ. ನೀರು. ಹತ್ತಿ.

ಅಜ್ಜಿ ಗಾಜಿನ ಮೇಲೆ ಹತ್ತಿಯನ್ನು ಎಳೆದರು, ಮಗುವಿನ ಮುಖ ಒರೆಸುವ ಹಾಗೆ. ನೀರು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು. ಕಿಟಕಿಗೆ ಹಿಡಿದಾಗ ಮೊದಲು ಬಂದದ್ದು ಕಬ್ಬಿಣದ ತೊಲೆಗಳು. ಆಮೇಲೆ ಒಂದು ಕಂಬ. ಐವತ್ತು ವರ್ಷ ಬಣ್ಣದ ಹಿಂದೆ ತಾಳ್ಮೆಯಿಂದ ನಿಂತಿದ್ದ ಸೇತುವೆ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ನದಿ ದಾಟಿತು.

"ಎಣಿಸು," ಎಂದರು ನನಗೆ.

ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಮಾಮ ತನ್ನ ಭೂತಗನ್ನಡಿಯ ಜೊತೆ ಇಟ್ಟುಕೊಂಡಿದ್ದ ಉಕ್ಕಿನ ಅಳತೆಪಟ್ಟಿಯನ್ನು ನಾಲ್ಕನೆಯದಕ್ಕೆ ತಾಗಿಸಿದ. ಕಂಬಕ್ಕೂ ಪಟ್ಟಿಗೂ ನಡುವೆ ಬೆಳಕಿಲ್ಲ. ನೆಟ್ಟಗೆ ನಿಂತಿತ್ತು. ಅದೇ ಪಟ್ಟಿಯನ್ನು ಅಧಿಕಾರಿ ತಂದಿದ್ದ ಹೋದ ವರ್ಷದ ಫೋಟೊದ ಮೇಲಿಟ್ಟ. ಮೇಲ್ಗಡೆ ಒಂದು ಉಗುರಿನಷ್ಟು ಸಂದು.

ಅಧಿಕಾರಿ ಎರಡು ಸಲ ನೋಡಿದ. ಹೊರಗೆ ಹೋಗಿ ಫೋನು ಹಚ್ಚಿದ. ನಮಗೆ ಅವನ ಮಾತು ಕೇಳುತ್ತಿತ್ತು.

"ಆರು ಹತ್ತರ ಗಾಡಿನ ಆಚೆ ದಡದಲ್ಲೇ ನಿಲ್ಲಿಸಿ. ಹೌದು. ನಾಲ್ಕನೇ ಕಂಬ... ಆಧಾರ ಏನು ಅಂತ ಕೇಳ್ತಿದ್ದಾರಾ?"

ಒಂದು ಸೀನು ಕೇಳಿಸಿತು.

"ನಾನೇ ಕಣ್ಣಾರೆ ನೋಡಿದೆ ಅಂತ ಬರ್ಕೊಳ್ಳಿ. ನನ್ನ ಹೆಸರು ಹಾಕಿ."

ಅಜ್ಜಿ ಬುತ್ತಿಯ ಗಂಟನ್ನು ಬಿಚ್ಚಿ, ಒಂದು ತುತ್ತು ಬಾಯಿಗೆ ಹಾಕಿಕೊಂಡರು. ದರ್ಜಿ ಪರದೆಯ ಸಂದಿಯಿಂದ ನೋಡಿ ಸಮಾಧಾನದಿಂದ ಹೊರಟುಹೋದ.

ಅಷ್ಟಕ್ಕೇ ಮುಗಿದಿದ್ದರೆ ಸ್ಕೂಟರ್ ಹತ್ತಿ ಮನೆಗೆ ಹೋಗಬಹುದಿತ್ತು. ಆದರೆ ಮಾಮ ಗಾಜನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

"ಅತ್ತೆ, ಇಲ್ಲಿ ಏನೋ ಚುಕ್ಕೆ ಉಳಿದಿದೆ ನೋಡಿ. ಎರಡನೇ ಕಂಬದ ಬುಡದಲ್ಲಿ."

ಅಜ್ಜಿ ಹತ್ತಿ ಒತ್ತಿದರು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿದರು. ಗಾಜನ್ನು ತಿರುಗಿಸಿ, ಚಿತ್ರವಿದ್ದ ಮೈಯ ಮೇಲೆ ಹಗೂರ ಬೆರಳ ತುದಿ ಓಡಿಸಿದರು. ಐವತ್ತು ವರ್ಷದಲ್ಲಿ ಅವರು ಆ ಮೈಯನ್ನು ಬೆರಳಿಂದ ಮುಟ್ಟಿದ್ದು ಅದೇ ಮೊದಲಿರಬೇಕು.

"ಇದು ಬಣ್ಣ ಅಲ್ಲ," ಎಂದರು. "ಕೆರೆದಿದ್ದಾರೆ. ಬ್ಲೇಡಲ್ಲಿ."

ಕಡಲೆಕಾಳಿನಷ್ಟು ಜಾಗ. ಅಲ್ಲಿ ಏನಿತ್ತೋ, ಇನ್ನು ಯಾವ ನೀರಿಗೂ ಬರುವುದಿಲ್ಲ.

"ನೀವು ಬ್ಲೇಡ್ ಮುಟ್ಟಿಲ್ಲ ಅಂದ್ರಿ."

"ಮುಟ್ಟಿಲ್ಲ!" ಅವರು ಅವಸರವಾಗಿ ಪಕ್ಕದ ಗಾಜು ಎಳೆದು ಒರೆಸಿದರು. ಅದರ ಪಕ್ಕದ್ದನ್ನೂ. ಎರಡರಲ್ಲೂ ಎರಡನೇ ಕಂಬದ ಬುಡ ಸ್ವಚ್ಛವಾಗಿತ್ತು. ಕಲ್ಲು, ನೀರು, ಅಷ್ಟೇ. ಕೆರೆದಿದ್ದದ್ದು ಒಂದೇ ಗಾಜಿನಲ್ಲಿ, ಒಂದೇ ದಿನದ್ದರಲ್ಲಿ.

ಅಧಿಕಾರಿ ಒಳಗೆ ಬಂದು ಬಾಗಿ ನೋಡಿದ. ಗಾಜಿನಲ್ಲಿ ಅವನ ಅಜ್ಜಿ ಕ್ಯಾಮೆರಾವನ್ನು ನೋಡುತ್ತಿದ್ದರು. ಅವನ ತಾತ ಕತ್ತು ಹೊರಳಿಸಿ ಪಕ್ಕಕ್ಕೆ ನೋಡುತ್ತಿದ್ದರು. ಮಾಮ ಆ ನೋಟದ ಉದ್ದಕ್ಕೆ ಪಟ್ಟಿ ಇಟ್ಟ. ಅದು ನೇರವಾಗಿ ಹೋಗಿ ಕೆರೆದ ಜಾಗಕ್ಕೆ ಮುಟ್ಟಿತು.

"ಇನ್ಯಾರನ್ನೋ ನೋಡ್ತಿದ್ದ ಅಂತ ನಿಮ್ಮಜ್ಜಿ ಹೇಳೋದು ಸರಿ," ಎಂದ ಮಾಮ.

ಆಗಲೇ ಹೊರಗೆ ಸೈಕಲ್ ನಿಂತ ಸದ್ದಾಯಿತು. ಕಾವಲಿನ ಪೇದೆ ಏದುಸಿರು ಬಿಡುತ್ತ ಒಳಗೆ ಬಂದ.

"ಸಾರ್, ಮಧ್ಯಾಹ್ನದ ಅಂಚೇಲಿ ಇನ್ನೊಂದು ಬಂದಿದೆ."

ಅದೇ ಬಗೆಯ ಲಕೋಟೆ. ಮೇಲೆ ನಿನ್ನೆಯ ಮುದ್ರೆ. ಒಳಗೆ ಅದೇ ಬಂಡೆಯಿಂದ ತೆಗೆದ, ಅದೇ ಸೇತುವೆಯ ಫೋಟೊ.

"ನಾನು ಕಳಿಸಿದ್ದು ಐದೇ," ಎಂದರು ಅಜ್ಜಿ.

ಈ ಸುತ್ತು ಕುಂಚದ್ದಲ್ಲ, ನೀಲಿ ಶಾಯಿಯದು. ನಡುಗಿ ನಡುಗಿ, ಎರಡು ಕಡೆ ಹರಿದು, ಕಷ್ಟಪಟ್ಟು ಕೂಡಿಕೊಂಡಿತ್ತು. ಅದು ಸುತ್ತುವರಿದಿದ್ದದ್ದು ಎರಡನೇ ಕಂಬದ ಬುಡವನ್ನು.

ಎರಡನೇದಕ್ಕೆ. ಎಂಬತ್ತೊಂದು ವರ್ಷ ಆಗಿದೆ ಕಣಪ್ಪಾ.

"ಬೆಳಿಗ್ಗೆಯಿಂದ ಅಷ್ಟೂ ಸುಳ್ಳಿನ ನಡುವೆ ಯಜಮಾನರು ಒಂದೇ ಒಂದು ನಿಜ ಹೇಳಿದ್ರು," ಎಂದ ಮಾಮ. "ನಾವು ಅದಕ್ಕೇ ನಕ್ಕುಬಿಟ್ವಿ. ಅತ್ತೆ, ಈ ಕೋಣೆಗೆ ಎಷ್ಟು ಕೀಲಿ?"

"ಎರಡು." ಅಜ್ಜಿ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡರು. "ಇನ್ನೊಂದು ಅವರ ಹತ್ರ."

ಅಧಿಕಾರಿ ಮತ್ತೆ ಫೋನು ತೆಗೆದ. 'ತಾತನನ್ನು ಮನೆಗೆ ಕಳಿಸಿ' ಎಂದು ಹೇಳಲು ಹೊರಟಿದ್ದನೋ, 'ಕಳಿಸಬೇಡಿ' ಎನ್ನಲು ಹೊರಟಿದ್ದನೋ, ಅವನಿಗೇ ಗೊತ್ತಿದ್ದಂತಿರಲಿಲ್ಲ. ಅಜ್ಜಿ ಆ ಫೋನಿನ ಮೇಲೆ ತಮ್ಮ ಒದ್ದೆ ಅಂಗೈ ಇಟ್ಟರು.

"ವ್ಯಾನು ಬರೋಕೆ ಇನ್ನೂ ಒಂದೂವರೆ ಗಂಟೆ ಇದೆ. ಅಲ್ಲೀ ತನಕ ಅವರನ್ನ ಬಿಡಬೇಡ ಮಗು," ಎಂದರು. ಬುತ್ತಿಯನ್ನು ಮತ್ತೆ ಕಟ್ಟಿದರು, ಕೆಂಪು ನೀರಿಳಿಯುತ್ತಿದ್ದ ಗಾಜನ್ನು ಅದರ ಮೇಲೆ ಇಟ್ಟುಕೊಂಡರು. "ಊಟ ನಾನೇ ತಗೊಂಡು ಹೋಗ್ತೀನಿ. ಮೊದಲು ಬಿಳಿ ಮಾತ್ರೆ. ಆಮೇಲೆ ಅವರನ್ನ ಕೇಳೋದು ನೀನಲ್ಲ. ನಾನು."